ಅರ್ಧ ಚಮಚ ಪಿಪರಮೆಂಟು, ನಾಲ್ಕು ಲೀಟರ್ ಮಿಲ್ಕ್‌ಶೇಕು

ಮಹಾರಾಷ್ಟ್ರದ ಗಡಿಯ ನಮ್ಮ ಉಮರ್ಗಾದಲ್ಲಿ ಮಿಕ್ಸರ್ ರಿಪೇರಿ ಎಂದರೆ ನಾನು. ಇದು ನಾನು ಹೇಳುವ ಮಾತಲ್ಲ, ನನ್ನ ಅಂಗಡಿಯ ಬೋರ್ಡು ಹೇಳುವ ಮಾತು. ಬೋರ್ಡು ಬರೆಸಿದವನು ನಾನೇ ಎಂಬುದು ಬೇರೆ ವಿಷಯ. ಲೋಹಾರಾ, ದಾಳಿಂಬ ಎಂಬ ಊರುಗಳಿಂದ ಸುಟ್ಟು ಕರಕಲಾದ ಮಿಕ್ಸರ್‌ಗಳು ಚೀಲದಲ್ಲಿ ಕುಳಿತು ನನ್ನಲ್ಲಿಗೆ ಬರುತ್ತವೆ, ಗರ್ರೆನ್ನುತ್ತ ವಾಪಸು ಹೋಗುತ್ತವೆ. ಹೀಗಿರುವಾಗ ಮಿಕ್ಸರ್‌ನಲ್ಲಿ ತಯಾರಾಗುವ ಸಕಲ ಪದಾರ್ಥಗಳೂ ನನ್ನ ಅಧಿಕಾರದ ವ್ಯಾಪ್ತಿಗೇ ಬರುತ್ತವೆ ಎಂದು ನಾನು ನಂಬಿದ್ದರೆ ಅದರಲ್ಲಿ ತಪ್ಪೇನಿದೆ?

ನನ್ನ ಮಗಳು ಗೌರಿ ಐದನೇ ತರಗತಿಯಲ್ಲಿದ್ದಳು. ಅವಳ ಗೆಳತಿ ಸ್ನೇಹಲ್ ಸೊಲ್ಲಾಪುರದ ಒಂದು ಹೋಟೆಲಿನಲ್ಲಿ ಪುದೀನಾ ಹಾಕಿದ ಹಸಿರು ಮಿಲ್ಕ್‌ಶೇಕ್ ಕುಡಿದು ಬಂದಿದ್ದಳಂತೆ. ಅದರಲ್ಲಿ ಚಾಕೊಲೇಟಿನ ಚೂರುಗಳು ತೇಲುತ್ತಿದ್ದವಂತೆ. ವಾರವಿಡೀ ಶಾಲೆಯಲ್ಲಿ ಅದೇ ಮಾತು. ಕೇಳಿ ಕೇಳಿ ತಡೆಯಲಾರದೆ ಗೌರಿ, ಅದನ್ನು ನಮ್ಮಪ್ಪ ಮನೆಯಲ್ಲೇ ಮಾಡುತ್ತಾನೆ, ಭಾನುವಾರ ಎಲ್ಲರೂ ಬನ್ನಿ ಎಂದು ತರಗತಿಯ ತುಂಬ ಸಾರಿ ಬಂದಿದ್ದಳು.

"ಅಪ್ಪಾ, ನಿನಗ ಬರ್ತದಲ್ಲಾ?" ಎಂದು ಶನಿವಾರ ಸಂಜೆ ಕೇಳಿದಳು. ಮುಖ ಸಣ್ಣಗಾಗಿತ್ತು. "ಬರ್ಲಿಲ್ಲಂದ್ರ ನಾ ಸಾಲಿಗೆ ಹೋಗಂಗಿಲ್ಲ ನೋಡು. ಸ್ನೇಹಲ್ ನಗ್ತಾಳ."

"ಯಾರ ಮಗಳು ನೀ?" ಎಂದೆ. "ಚಿಂತಿ ಬಿಡು."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಹಾದೇವಿ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಏನ್ರೀ, ನಿಮಗ ಮಿಕ್ಸರ್ ಬಿಚ್ಚಲಾಕ ಬರ್ತದ, ಖರೆ. ಅದರಾಗ ಏನ್ ಹಾಕ್ಬೇಕಂತ ಗೊತ್ತದ ಏನು?"

"ಹಾಲು, ಪುದೀನಾ, ಚಾಕೊಲೇಟು. ಮೂರೇ ಸಾಮಾನು. ಒಂದು ಮೋಟರಿನಾಗ ಮೂವತ್ತು ಇರ್ತಾವ."

"ಹಂಗಾದ್ರ ನಾಳಿ ಅಡಗಿಮನಿ ನಿಮ್ಮದು. ನಾ ಕಾಲಿಡಂಗಿಲ್ಲ," ಎಂದಳು. ಇದನ್ನು ನಾನು ನನ್ನ ಯೋಗ್ಯತೆಗೆ ಸಂದ ಗೌರವವೆಂದೇ ಸ್ವೀಕರಿಸಿದೆ.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಏಪ್ರಿಲ್ ತಿಂಗಳ ಬಿಸಿಲಿಗೆ ಬಜಾರಿನಲ್ಲಿ ಸಿಕ್ಕಿದ್ದು ಒಂದೇ ಒಂದು ಬಾಡಿದ ಪುದೀನಾ ಕಟ್ಟು. ಚಾಕೊಲೇಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ಬರುವಷ್ಟರಲ್ಲಿ ಅದು ಅಂಗಿಯದೇ ಒಂದು ಭಾಗವಾಗಿತ್ತು. ಕೆರೆದು ತೆಗೆದು, ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿ, ಅವ್ವನ ಅಡಕತ್ತರಿಯಿಂದ ಒಂದೇ ಅಳತೆಯ ಚೂರು ಮಾಡಿದೆ. ಸೊಲ್ಲಾಪುರದವರೂ ಅಷ್ಟು ಸಮ ಮಾಡಿರಲಿಕ್ಕಿಲ್ಲ.

ಮಿಕ್ಸರ್ ನಾನೇ ಹೊಸದಾಗಿ ತಂತಿ ಸುತ್ತಿದ್ದು. ಗುಂಡಿ ತಿರುಗಿಸಿದ ಕೂಡಲೇ ಮುಚ್ಚಳ ಹಾರಿ ತಗಡಿನ ಛಾವಣಿಗೆ ಬಡಿಯಿತು. ಮೋಟರಿನ ಶಕ್ತಿ ಕಂಡು ನನಗೆ ಕಣ್ತುಂಬಿ ಬಂತು. ಎರಡನೇ ಸಲ ಮುಚ್ಚಳದ ಮೇಲೆ ಕೈಯಿಟ್ಟು ತಿರುಗಿಸಿದೆ. ಹಾಲೇನೋ ನುಣ್ಣಗಾಯಿತು, ಆದರೆ ಪುದೀನಾದ ಘಮವೇ ಇಲ್ಲ. ಮೂಗು ಪಾತ್ರೆಯೊಳಗೆ ಇಳಿಸಿದರೂ ಇಲ್ಲ.

ಎದುರಿನ ಪಾನ್ ಅಂಗಡಿಯ ಮೆಹಬೂಬನ ಹತ್ತಿರ ಓಡಿದೆ. ಅವನು ಗಾಜಿನ ಚೂರಿನಂಥ ಹರಳುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟ. "ಪಿಪರಮೆಂಟ್ ರೀ ಇದು. ಪುದೀನಾದ ಖಾಸ್ ಸತ್ವ. ಒಂದು ಪಾನಿಗೆ ಸಾಸಿವಿಕಾಳಿನಷ್ಟು ಹಾಕ್ತೀನಿ, ಬಸ್."

ಒಂದು ಪಾನಿಗೆ ಒಂದು ಸಾಸಿವೆಕಾಳು. ಹಾಗಾದರೆ ನಾಲ್ಕು ಲೀಟರ್ ಹಾಲಿಗೆ ಎಷ್ಟು? ನಾನು ಅಂದಾಜಿನ ಮನುಷ್ಯನಲ್ಲ. ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಕಾಲು ಚಮಚ ಎಂದು ಬಂತು. ಬರುವವರು ಮಕ್ಕಳು, ಕಡಿಮೆ ಬೀಳಬಾರದೆಂದು ಅರ್ಧ ಹಾಕಿದೆ.

ರುಚಿ ನೋಡಲು ಸೌಟು ಎತ್ತಿದ್ದೆ. ಬಾಗಿಲಲ್ಲಿ ಅವ್ವ ನಿಂತಿದ್ದಳು.

"ತಮ್ಮಾ, ಬಾಯಿಗೆ ಹಚ್ಚಬ್ಯಾಡ. ಮನ್ಯಾಗ ಮೊದಲನೇ ಸಲ ಆಗ್ಯಾದ. ಲಿಂಗಕ್ಕ ಅರ್ಪಿಸಿ ಆಮ್ಯಾಲ ಕುಡೀರಿ."

ನಮ್ಮ ಮನೆಯಲ್ಲಿ ಯಾವ ಹೊಸ ಅಡಿಗೆಯಾದರೂ ಮೊದಲು ಲಿಂಗಕ್ಕೆ. ಅರ್ಪಿಸುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಒಂದು ಲೋಟ ಅವ್ವನಿಗೆ ಕೊಟ್ಟು, ಉಳಿದದ್ದನ್ನು ಆಮೇಲೆ ನೋಡಿಕೊಳ್ಳಬಹುದಿತ್ತು. ಬುದ್ಧಿಯಿದ್ದವರು ಹಾಗೆಯೇ ಮಾಡುತ್ತಿದ್ದರು. ನಾನು ಹೆಮ್ಮೆಯ ಭರದಲ್ಲಿ ಇಡೀ ಪಾತೇಲಿಯನ್ನೇ ಎತ್ತಿ ತಂದು ಅವಳ ಮುಂದಿಟ್ಟೆ. ಅವ್ವ ಪಾತೇಲಿಗೆ ವಿಭೂತಿ ಹಚ್ಚಿದಳು, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದಳು. ಅವಳು ಕಣ್ಣು ತೆರೆದಾಗ ಅದು ಮಿಲ್ಕ್‌ಶೇಕ್ ಆಗಿ ಉಳಿದಿರಲಿಲ್ಲ, ನಾಲ್ಕು ಲೀಟರ್ ಪ್ರಸಾದವಾಗಿತ್ತು.

ಗೌರಿ ಮತ್ತು ಅವಳ ಐವರು ಗೆಳತಿಯರು ಚಾಪೆಯ ಮೇಲೆ ಸಾಲಾಗಿ ಕುಳಿತರು. ಸ್ನೇಹಲ್ ಮೊದಲ ಗುಟುಕು ತೆಗೆದುಕೊಂಡಳು. ಅವಳ ಕಣ್ಣು ದೊಡ್ಡವಾದವು. ಬಾಯಿ ತೆರೆದಳು, ಫ್ಯಾನಿನ ಗಾಳಿ ಒಳಗೆ ಹೋಯಿತು, ತಟ್ಟನೆ ಮುಚ್ಚಿಕೊಂಡಳು.

"ಕಾಕಾ, ಲಯ್ ಥಂಡ!" ಎಂದಳು ಮರಾಠಿಯಲ್ಲಿ, ಕಣ್ಣೀರು ಒರೆಸಿಕೊಳ್ಳುತ್ತ. ಬಹಳ ತಣ್ಣಗಿದೆ ಎಂದರ್ಥ. ಉಳಿದವರು ಒಬ್ಬರಾದ ಮೇಲೊಬ್ಬರು ಸೀನತೊಡಗಿದರು.

ನಾನೂ ಒಂದು ಗುಟುಕು ಕುಡಿದೆ. ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ನಾಲಿಗೆ ಎಲ್ಲಿದೆ ಎಂದು ತಿಳಿಯಲಿಲ್ಲ. ಆಮೇಲೆ ಕಿವಿಯೊಳಗೆ ಚಳಿಗಾಲ ಶುರುವಾಯಿತು. ಉಮರ್ಗಾದ ಜನವೆಲ್ಲ ಬೆವರಿನಲ್ಲಿ ತೊಯ್ಯುತ್ತಿದ್ದಾಗ ನಾನೊಬ್ಬನೇ ಗಡಗಡ ನಡುಗುತ್ತಿದ್ದೆ.

ಮಹಾದೇವಿ ಓಡಿಬಂದಳು. "ಮೊದಲ ಚೆಲ್ರಿ ಅದನ್ನ. ಮಂದಿ ಮಕ್ಕಳು, ಏನರ ಆದ್ರ?"

"ಪ್ರಸಾದ ಚೆಲ್ತಾರೇನು?" ಎಂದಳು ಅವ್ವ. "ಹುಡುಗ್ಯಾರು ಬ್ಯಾಡಂದ್ರ ಬಿಡು. ಮಾಡಿದಾಂವ ಕುಡೀತಾನ."

ಸ್ನೇಹಲ್‌ಳ ತುಟಿಯ ಅಂಚಿನಲ್ಲಿ ನಗು ಮೂಡುತ್ತಿತ್ತು. ಗೌರಿ ನನ್ನನ್ನೇ ನೋಡುತ್ತಿದ್ದಳು. ಅವಳಿನ್ನೂ ಲೋಟಕ್ಕೆ ಬಾಯಿ ಹಚ್ಚಿರಲಿಲ್ಲ, ಆದರೂ ಕಣ್ಣು ತುಂಬಿದ್ದವು. ಹುಡುಗಿಯರ ಆರೂ ಲೋಟಗಳನ್ನು ಎಳೆದು ನನ್ನ ಮುಂದಿಟ್ಟುಕೊಂಡೆ. ಮೊದಲನೆಯದನ್ನು ಎತ್ತಿ ಗಟಗಟನೆ ಮುಗಿಸಿದೆ.

"ಏಕ್," ಎಂದಳು ಒಬ್ಬಳು ಹುಡುಗಿ, ಬೆರಗಿನಿಂದ.

"ದೋನ್," ಎಂದರು ಇಬ್ಬರು. ಮೂರನೆಯ ಲೋಟಕ್ಕೆ ಸ್ನೇಹಲ್ ನಗುವುದನ್ನು ಮರೆತಿದ್ದಳು. ಐದನೆಯದಕ್ಕೆ ಎಲ್ಲರಿಗಿಂತ ಜೋರಾಗಿ ಎಣಿಸುತ್ತಿದ್ದವಳು ಗೌರಿ. ಆರನೆಯದು ಮುಗಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರಂತೆ. ನನಗೆ ಕೇಳಿಸಲಿಲ್ಲ, ಕಿವಿ ಹೆಪ್ಪುಗಟ್ಟಿದ್ದವು. ಆಮೇಲೆ ಮಹಾದೇವಿ ಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದು ಅವರು ಸಂತೋಷವಾಗಿ ಮನೆಗೆ ಹೋದರು. ಉಳಿದದ್ದು ಫ್ರಿಜ್ಜಿಗೆ ಹೋಯಿತು. ಊಟಕ್ಕೊಂದು ಲೋಟ ಎಂದು ಅವ್ವನ ಅಪ್ಪಣೆಯಾಯಿತು. ರಾತ್ರಿ ಒಂದು, ಸೋಮವಾರ ಮಧ್ಯಾಹ್ನ ಒಂದು ಕುಡಿದೆ.

ಸೋಮವಾರ ಸಂಜೆ ಗೌರಿ ಶಾಲೆಯಿಂದ ನೇರ ಅಂಗಡಿಗೆ ಓಡಿಬಂದಳು.

"ಸ್ನೇಹಲ್ ನಕ್ಕಳೇನು?" ಎಂದು ಪಿಸುಗುಟ್ಟಿದೆ. ಗಂಟಲಿನಲ್ಲಿ ಅಷ್ಟೇ ದನಿ ಉಳಿದಿತ್ತು.

"ಎಲ್ಲಿ ನಗ್ತಾಳ? ಸೊಲ್ಲಾಪುರದ್ದು ಯಾರು ಬೇಕಾದ್ರೂ ಕುಡೀತಾರ, ನಮ್ಮ ಮನೀದು ನಮ್ಮಪ್ಪ ಒಬ್ಬಾಂವೇ ಕುಡೀತಾನ ಅಂತ ಹೇಳ್ದೆ. ಎಲ್ಲಾರೂ ಹೌದಂದ್ರು."

ಇಪ್ಪತ್ತು ವರ್ಷ ಮಿಕ್ಸರ್ ರಿಪೇರಿ ಮಾಡಿದ್ದಕ್ಕೂ ಯಾರೂ ನನ್ನ ಬಗ್ಗೆ ಇಂಥ ಮಾತು ಆಡಿರಲಿಲ್ಲ. ಎದೆ ಉಬ್ಬಿತು. ಅಷ್ಟರಲ್ಲಿ ಅಂಗಡಿಯ ಮುಂದೆ ಒಂದು ಮೋಟರ್ ಸೈಕಲ್ ನಿಂತಿತು. ಸ್ನೇಹಲ್‌ಳ ಅಪ್ಪ. ಕೈಯಲ್ಲಿ ಮಿಕ್ಸರ್ ಇರಲಿಲ್ಲ.

"ನಮ್ಮ ಪೋರಿ 'ಪಪ್ಪಾ, ನಿಮಗ ಕುಡೀಲಾಕ ಬರ್ತದೇನು' ಅಂತ ನಿನ್ನಿಯಿಂದ ಜೀವ ತಿನ್ನಲಾಕತ್ಯಾಳ," ಎಂದರು ಮೆಲ್ಲಗೆ. "ಒಂದು ಗ್ಲಾಸ್ ಉಳದದ ಏನ್ರೀ?"

ಎರಡು ಲೀಟರ್‌ಗಿಂತ ಹೆಚ್ಚು ಉಳಿದಿತ್ತು. ಆದರೂ ಸ್ವಲ್ಪ ಯೋಚಿಸಿದಂತೆ ಮಾಡಿ, ಮನೆಗೆ ಕರೆದುಕೊಂಡು ಹೋಗಿ, ಲೋಟ ತುಂಬ ಕೊಟ್ಟೆ. ಅವರು ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. ಮೂಗು ಹಿಡಿದುಕೊಂಡು, ನನ್ನ ಭುಜ ತಟ್ಟಿ ಹೊರಟರು. ಸಾಲದ್ದಕ್ಕೆ ಬಾಗಿಲಲ್ಲಿ ತಿರುಗಿ ನನಗೆ ಕೈಮುಗಿದರು. ಇಡೀ ಉಮರ್ಗಾ ಗೆದ್ದವನಂತೆ ನಾನು ನಿಂತಿದ್ದೆ.

ಅವ್ವ ಆ ಲೋಟವನ್ನು ನನ್ನ ಕಡೆ ಸರಿಸಿದಳು.

ಗೌರಿ ಚಾಪೆ ಹಾಸಿ ಕುಳಿತಳು. "ಒಂಬತ್ತು," ಎಂದಳು, ನಾನಿನ್ನೂ ಲೋಟ ಎತ್ತುವ ಮುಂಚೆಯೇ.