ಕೆಂಪು ರಿಬ್ಬನ್ ಕಟ್ಟಿದ ಬೆಲ್ಟು

ಡೋರೀನಳನ್ನು ನಾನು ಮೊದಲು ಕಂಡದ್ದು ಕಾರಿನ ಕಿಟಕಿಯ ಗಾಜಿನಾಚೆ. ಕೆನಡಾದ ಸಸ್ಕ್ಯಾಚುವಾನ್ ಪ್ರಾಂತದ ಈ ಊರಿನ ಶಾಲೆಗೆ ಆಗಷ್ಟೇ ವ್ಯಾಕರಣದ ಮೇಷ್ಟ್ರಾಗಿ ಬಂದಿದ್ದೆ. ಹಿಮ ಕವಿದ ಬೆಳಿಗ್ಗೆ, ಹೊರಡಲೊಲ್ಲದ ಕಾರಿನ ಕೀಯನ್ನು ತಿರುಗಿಸುತ್ತಲೇ ಕುಳಿತಿದ್ದೆ. ಉಣ್ಣೆಯ ಟೋಪಿಯ ಹುಡುಗಿಯೊಬ್ಬಳು ಗಾಜು ತಟ್ಟಿದಳು.

"ಕೀ ಬಿಡಿ ಮೇಷ್ಟ್ರೇ. ಅದು ಇನ್ನೂ ಸತ್ತಿಲ್ಲ, ನೀವೇ ಸಾಯಿಸ್ತಾ ಇದ್ದೀರ."

ಕೀ ಬಿಟ್ಟೆ. ಮುಂದಿನ ಬೇಸಿಗೆಯಲ್ಲಿ ಅವಳನ್ನೇ ಮದುವೆಯಾದೆ. (ನಾನು ಅವಳ ಮಾತು ಕೇಳಿ ಕೀ ಬಿಟ್ಟದ್ದು ಅದೊಂದೇ ಸಲವೆಂದು ಅವಳ ದೂರು.)

ಹೋದ ಚಳಿಗಾಲದಲ್ಲಿ ಗ್ಯಾರೇಜಿನ ನೆಸ್ಟರ್ ನನ್ನ ಕಾರಿನೊಳಗೆ ತಲೆ ತೂರಿಸಿ ತೀರ್ಪು ಕೊಟ್ಟ: "ಟೈಮಿಂಗ್ ಬೆಲ್ಟ್ ಮುದಿಯಾಗಿದೆ ಮೇಷ್ಟ್ರೇ. ಇದು ಕೆಮ್ಮಲ್ಲ, ನರಳಲ್ಲ. ಒಂದಿನ ಪಟ್ ಅಂತ ಹೋಗತ್ತೆ, ಜೊತೆಗೆ ಇಂಜಿನ್ನನ್ನೂ ಕರ್ಕೊಂಡು ಹೋಗತ್ತೆ."

ಬದಲಾಯಿಸಲು ನಾನೂ ಸಿದ್ಧನಿದ್ದೆ. ಆದರೆ ಅದೇ ವಾರ ನೆಸ್ಟರ್ ಪಕ್ಕದೂರಿನ ಕರ್ಲಿಂಗ್ ಪಂದ್ಯಕ್ಕೆ ಮೊದಲ ಬಹುಮಾನ ಘೋಷಿಸಿದ: ಹೊಸ ಟೈಮಿಂಗ್ ಬೆಲ್ಟ್, ಜೋಡಿಸುವ ಕೂಲಿ ಸಮೇತ. (ನಮ್ಮ ಕಡೆಯ ಬಹುಮಾನಗಳೇ ಹೀಗೆ. ಹಿಂದಿನ ವರ್ಷ ಅರ್ಧ ಹಂದಿ ಇತ್ತು.) ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಅಂಕಣದ ಮೇಲೆ ಗುರಿಯತ್ತ ಕಲ್ಲು ಜಾರಿಸುವ ಆಟ. ಅದರಲ್ಲಿ ಡೋರೀನಳದು ಎತ್ತಿದ ಕೈ, ತಂಡದ ನಾಯಕಿಯೂ ಅವಳೇ. ಆದರೂ ಫೈನಲ್ಲಿನ ಕೊನೆಯ ಕಲ್ಲಿನಲ್ಲಿ ಪ್ರತಿ ವರ್ಷ ಸೋತು ಬರುತ್ತಿದ್ದಳು.

"ಹೋಗಿ ಬೆಲ್ಟ್ ಹಾಕಿಸ್ಕೊಂಡು ಬಾ" ಎಂದಳು.

"ಶನಿವಾರ ಹೇಗೂ ನೀನು ಗೆದ್ದು ತರ್ತೀಯಲ್ಲ."

"ಸೋತ್ರೆ?"

"ನನ್ನ ಹೆಂಡ್ತಿ ಸೋಲೋದುಂಟಾ?"

"ಇದು ನನ್ನ ಮೇಲಿನ ಪ್ರೀತಿನೋ, ನಿನ್ನ ಜೇಬಿನ ಮೇಲಿನ ಪ್ರೀತಿನೋ?"

ಪತ್ನಿಯ ಸಾಮರ್ಥ್ಯದಲ್ಲಿ ಇಂಥ ಅಚಲ ವಿಶ್ವಾಸವಿಟ್ಟ ಪತಿಗೆ ಸಲ್ಲುವ ಗೌರವ ಇದು.

ಶನಿವಾರ ಬೆಳಿಗ್ಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಗಡ್ಡೆಯಾಗುವ ಚಳಿ. ಡೋರೀನ್, ಜಾರುವ ಕಲ್ಲಿನ ಮುಂದೆ ಮಂಜುಗಡ್ಡೆ ಉಜ್ಜುವ ತನ್ನ ಕರ್ಲಿಂಗ್ ಪೊರಕೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಳು. ಈ ಸಲ ಗೆಲ್ಲದಿದ್ದರೆ ಪೊರಕೆಯನ್ನು ಒಲೆಗೆ ಹಾಕುತ್ತೇನೆಂದು ತಂಡದವರ ಮುಂದೆ ಆಡಿಬಿಟ್ಟಿದ್ದಳು. ಕೀ ತಿರುಗಿಸಿದೆ. ಇಂಜಿನ್ ಎದ್ದಿತು, ಪಟ್ ಎಂದಿತು, ನಿಂತಿತು. ಮತ್ತೆ ತಿರುಗಿಸಿದೆ. ಹೊಲಿಗೆ ಯಂತ್ರದ ಹಾಗೆ ಹಗುರವಾಗಿ ಸುಯ್ಯೆಂದು ತಿರುಗಿತು, ಹೊತ್ತಿಕೊಳ್ಳಲಿಲ್ಲ.

"ಕೀ ಬಿಡು. ಬೆಲ್ಟ್ ಹೋಯ್ತು" ಎಂದಳು.

"ಎಷ್ಟು ಹಗುರವಾಗಿ ತಿರುಗ್ತಿದೆ ನೋಡು. ಇಂಜಿನ್ ಭೇಷಾಗಿದೆ. ಬ್ಯಾಟರಿಗೆ ಒಂಚೂರು ಚಳಿ ಅಷ್ಟೆ."

ನಾನು ಬಾನೆಟ್ ಎತ್ತಿದೆ. ಚಳಿಗಾಲದಲ್ಲಿ ನಮ್ಮೂರಲ್ಲಿ ಬಾನೆಟ್ ಎತ್ತುವುದೆಂದರೆ ಊರಿಗೆಲ್ಲ ಆಮಂತ್ರಣ ಕೊಟ್ಟ ಹಾಗೆ. ಹಾದುಹೋಗುವವರೆಲ್ಲ ತಮ್ಮ ಬ್ಯಾಟರಿಯಿಂದ ಕರೆಂಟು ಕೊಡಲು ಕೇಬಲ್ ಹಿಡಿದು ಇಳಿಯುತ್ತಾರೆ. ಬಂದವರನ್ನು ಒಂದು ಸಲ ಕೀ ತಿರುಗಿಸಲು ಬಿಡದೆ ಕಳಿಸಿದರೆ ಮುಂದಿನ ಭಾನುವಾರ ಚರ್ಚಿನಲ್ಲಿ ಮುಖ ಕೊಟ್ಟು ಮಾತಾಡುವುದಿಲ್ಲ.

ಮೊದಲು ಬಂದವನು ಪಕ್ಕದ ಮನೆಯ ಆರ್ವಿಡ್. ಡೋರೀನ್ ಅವನಿಗೆ ಕೇಬಲ್ ಬಿಚ್ಚಲೂ ಬಿಡದೆ ಅವನ ಟ್ರಕ್ಕಿನೊಳಗೆ ಹತ್ತಿ ಕುಳಿತಳು. "ನಡಿ ಆರ್ವಿಡ್. ಮೇಷ್ಟ್ರು ಬ್ಯಾಟರಿಗೆ ಪಾಠ ಹೇಳ್ಕೊಂಡಿರಲಿ."

ಆಮೇಲೆ ಅಂಚೆಯವನು ಬಂದ, ಪಾದ್ರಿಗಳು ಬಂದರು, ನನ್ನ ಹಳೆಯ ವಿದ್ಯಾರ್ಥಿಗಳು ಬಂದರು. ಎಲ್ಲರಿಗೂ ಕಾಫಿ ಕೊಟ್ಟೆ, ಎಲ್ಲರಿಗೂ ಕೀ ಕೊಟ್ಟೆ. ಪ್ರತಿ ಸಲವೂ ಒಳಗೆ ಟಕಟಕ ಸದ್ದು. "ಹಿಡಿದುಕೊಳ್ತಾ ಇದೆ" ಎಂದು ಎಲ್ಲರಿಗೂ ಧೈರ್ಯ ಹೇಳಿದೆ.

ಸಂಜೆ ಆರ್ವಿಡ್‌ನ ಟ್ರಕ್ಕು ಹಾರನ್ ಹೊಡೆಯುತ್ತ ಬಂತು. ಡೋರೀನ್ ಕೊನೆಯ ಕಲ್ಲಿನಲ್ಲೇ ಗೆದ್ದಿದ್ದಳು. ಕೊರಳಲ್ಲಿ ಕೆಂಪು ರಿಬ್ಬನ್ ಕಟ್ಟಿದ ಹೊಸ ಬೆಲ್ಟು. ಹಿಂದೆಯೇ ನೆಸ್ಟರ್.

"ನಾನು ಹೇಳಿರಲಿಲ್ವಾ, ಗೆಲ್ತೀಯ ಅಂತ" ಎಂದು ಎದೆಯುಬ್ಬಿಸಿ, ಬೆಲ್ಟನ್ನು ನೆಸ್ಟರ್‌ನ ಕೈಗಿತ್ತೆ. ಅವನು ಇಂಜಿನ್ ಬಿಚ್ಚಿ ನೋಡಿ ಟೋಪಿ ತೆಗೆದ.

"ಬೆಳಿಗ್ಗೇನೇ ಕೀ ಬಿಟ್ಟಿದ್ರೆ ಇದೊಂದು ಬೆಲ್ಟೇ ಸಾಕಾಗ್ತಿತ್ತೋ ಏನೋ. ಈಗ ವಾಲ್ವೆಲ್ಲ ಬಗ್ಗಿ ಕೂತಿವೆ."

ಟೈಮಿಂಗ್ ಬೆಲ್ಟ್ ಶಾಲೆಯ ಗಂಟೆಯಿದ್ದಂತೆ. ಒಂದು ತರಗತಿ ಹೊರಬಿದ್ದ ಮೇಲೆ ಇನ್ನೊಂದು ಒಳಗೆ ಹೋಗಬೇಕು. ಗಂಟೆ ನಿಂತರೆ ಎರಡೂ ಒಂದೇ ಬಾಗಿಲಲ್ಲಿ ತಲೆಗೆ ತಲೆ. ಏರುವ ಪಿಸ್ಟನ್ನಿಗೂ ಇಳಿದು ನಿಂತ ವಾಲ್ವಿಗೂ ಊರವರೆಲ್ಲ ಸೇರಿ ಅದನ್ನೇ ದಿನವಿಡೀ ಮಾಡಿಸಿದ್ದೆವು.

ಕಾರು ಗುಜರಿಗೆ ಹೋಯಿತು. ಬೆಲ್ಟು ರಿಬ್ಬನ್ ಸಮೇತ ನಮ್ಮ ಮದುವೆಯ ಫೋಟೋ ಪಕ್ಕದಲ್ಲಿದೆ. ಡೋರೀನ್ ಈಗ ಆರ್ವಿಡ್‌ನ ಹಳೆಯ ಟ್ರಕ್ಕನ್ನು ಕೊಂಡು ಊರೂರಿಗೆ ಪಂದ್ಯಕ್ಕೆ ಹೋಗುತ್ತಾಳೆ. ಕೀ ಅವಳದು, ಪೊರಕೆ ಹಿಡಿದು ಪಕ್ಕದಲ್ಲಿ ಕೂರುವವನು ನಾನು. ದಾರಿಯಲ್ಲಿ ಎಲ್ಲಾದರೂ ಬಾನೆಟ್ ಎತ್ತಿದ ಕಾರು ಕಂಡರೆ ಟ್ರಕ್ಕು ನಿಲ್ಲಿಸಿ, ನನ್ನನ್ನೂ ಇಳಿಸಿಕೊಂಡು ಹೋಗಿ, ಗಾಜು ತಟ್ಟುತ್ತಾಳೆ. ಕೋಟಿನ ಜೇಬಿನಿಂದ ಸೊಟ್ಟ ಕಬ್ಬಿಣದ ತುಂಡೊಂದನ್ನು ತೆಗೆದು ತೋರಿಸುತ್ತಾಳೆ.

"ಮೊದಲು ಕೀ ಬಿಡಿ. ಇದು ಬಗ್ಗಿದ ವಾಲ್ವು. ಇವರು ಬಗ್ಗಿಸಿದವರು."

ನಾನು ಟೋಪಿ ತೆಗೆದು ತಲೆಬಾಗುತ್ತೇನೆ.