ಊರವರೆಲ್ಲ ಸೇರಿ ಕಟ್ಟಿದ ಬಂದೂಕು

ಕ್ಲೆಮ್ ಹಾಸ್ಕಿಂಗ್ ತನ್ನ ಅಪ್ಪನ ಕಾಲದ ಪಾಯಿಂಟ್ ಟೂ-ಟೂ ಬಂದೂಕಿಗೆ ದುರ್ಬೀನು ಹಾಕಿಸಲು ತೀರ್ಮಾನಿಸಿದ್ದು ಈರುಳ್ಳಿಯ ದೆಸೆಯಿಂದ.

ವಾಟಲ್ ಬೆಂಡ್ ಎಂಬ ಊರಿನ ಬಂದೂಕು ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ, ನವೆಂಬರಿನ ಎರಡನೇ ಭಾನುವಾರ, ದೊಡ್ಡ ಪಂದ್ಯ. ಬಯಲಿನಲ್ಲಿ ಹಳಿಗಳ ಮೇಲೆ ಕಬ್ಬಿಣದ ಪ್ರಾಣಿಗಳು ನಿಂತಿರುತ್ತವೆ. ನಲವತ್ತು ಮೀಟರಿಗೆ ಐದು ಕೋಳಿ, ಅರವತ್ತಕ್ಕೆ ಐದು ಹಂದಿ, ಅದರಾಚೆ ಐದು ಟರ್ಕಿ ಹಕ್ಕಿ, ನೂರು ಮೀಟರಿಗೆ ಐದು ಟಗರು. ಯಾವುದಕ್ಕೂ ಒರಗದೆ ನಿಂತುಕೊಂಡು ಇಪ್ಪತ್ತು ಗುಂಡು ಹೊಡೆಯಬೇಕು. ಹಳಿಯಿಂದ ಉರುಳಿದ್ದು ಮಾತ್ರ ಲೆಕ್ಕ. ಎಲ್ಲರಿಗಿಂತ ಕಡಿಮೆ ಉರುಳಿಸಿದವನು ಅಂದಿನಿಂದಲೇ ಒಂದು ವರ್ಷ, ಪ್ರತಿ ತಿಂಗಳ ಪಂದ್ಯಕ್ಕೂ, ಶೆಡ್ಡಿನ ಹಿಂದೆ ದೊಡ್ಡ ಕಾವಲಿಯ ಮುಂದೆ ನಿಂತು ಎಲ್ಲರಿಗೂ ಸಾಸೇಜು, ಈರುಳ್ಳಿ ಹುರಿದುಕೊಡಬೇಕು. ಕ್ಲೆಮ್ ಕ್ಲಬ್ಬಿಗೆ ಸೇರಿದಾಗಿನಿಂದ, ಅಂದರೆ ನಾಲ್ಕು ವರ್ಷದಿಂದ, ಹುರಿಯುತ್ತಿದ್ದ.

ಅವನು ಶಾಲೆಯ ಬಸ್ಸಿನ ಚಾಲಕ. ಬಸ್ಸಿನ ಮಕ್ಕಳು ಅವನಿಗೆ 'ಈರುಳ್ಳಿ' ಎಂದೇ ಹೆಸರಿಟ್ಟಿದ್ದರು. ಮಕ್ಕಳ ಮಾತು ಹಾಗಿರಲಿ. ಗುಂಡು ಹೊಡೆಯುವುದೆಂದರೆ ಅವನಿಗೆ ಪ್ರಾಣ. ಹುರಿದು, ಬಡಿಸಿ, ಕಾವಲಿ ಉಜ್ಜಿ ಮುಗಿಸುವಷ್ಟರಲ್ಲಿ ಬಯಲಿನ ಗೇಟಿಗೆ ಬೀಗ ಬಿದ್ದಿರುತ್ತಿತ್ತು. ನಾಲ್ಕು ವರ್ಷದಲ್ಲಿ ಮನಸಾರೆ ಒಂದು ಡಬ್ಬಿ ತೋಟಾ ಖಾಲಿ ಮಾಡಿರಲಿಲ್ಲ ಎನ್ನುವುದೇ ಅವನ ಕೊರಗು.

ಪಂದ್ಯದ ದಿನ ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಹತ್ತು ಕಿಲೋ ಈರುಳ್ಳಿ ಹೆಚ್ಚುತ್ತಿದ್ದಾಗ ಹೆಂಡತಿ ರೋಂಡಾ ಬಾಗಿಲಲ್ಲೇ ನಿಂತಳು.

"ಈ ವರ್ಷವೂ ನೀನೇ ಕೊನೆಯವನಾದರೆ ಹಾಸಿಗೆ ವರಾಂಡಕ್ಕೆ ಹಾಕ್ಕೊಂಡುಬಿಡು. ನನಗೆ ಕನಸಿನಲ್ಲೂ ಈರುಳ್ಳಿ ವಾಸನೆ ಬರ್ತಿದೆ."

"ಈ ವರ್ಷ ಹಾಗಾಗಲ್ಲ ಕಣೆ. ದುರ್ಬೀನು ತಂದಿದೀನಿ," ಎಂದ ಕ್ಲೆಮ್. "ಅದನ್ನ ಹಾಕಿದ್ರೆ ಏನಾಗುತ್ತೆ ನೋಡೋಣ ಅಂತ."

ರೋಂಡಾ ಹಣೆಗೆ ಕೈ ಹಚ್ಚಿದಳು. 'ಏನಾಗುತ್ತೆ ನೋಡೋಣ' ಎಂಬುದು ಅವಳ ಗಂಡನಿಗಿದ್ದ ಕಾಯಿಲೆ. ಹಿಂದೊಮ್ಮೆ ಬಸ್ಸಿನ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತದೆ ಎಂದು ಬಿಚ್ಚಿ ನೋಡಿದ ಪರಿಣಾಮ, ಮಕ್ಕಳು ಒಂದು ವಾರ ಕಿಟಕಿಯಿಂದ ಇಳಿದಿದ್ದರು.

ಕ್ಲಬ್ಬಿನ ಮೇಜಿನ ಮೇಲೆ ಬಂದೂಕನ್ನು ಮಲಗಿಸಿ, ಕ್ಲೆಮ್ ದುರ್ಬೀನನ್ನು ಕೂರಿಸಿ ಸ್ಕ್ರೂ ಬಿಗಿದ. ಕಣ್ಣಿಟ್ಟು ನೋಡಿದ. ಕೋಳಿಯ ಕೊಕ್ಕಿನ ಮೇಲೆ ಕೂತ ನೊಣ ಕಂಡಿತು. ಅದು ಮುಂಗಾಲು ಉಜ್ಜಿಕೊಳ್ಳುವುದೂ ಕಂಡಿತು. ಇಷ್ಟು ವರ್ಷ ತಾನು ಹೊಡೆಯುತ್ತಿದ್ದದ್ದು ಕೋಳಿಗೋ, ಕೋಳಿಯೆಂಬ ನಂಬಿಕೆಗೋ ಎಂದು ಅವನಿಗೆ ಸಂಶಯ ಬಂತು.

"ಕುತ್ತಿಗೆ ಯಾಕೋ ಕೊಕ್ಕರೆ ಥರ ಮಾಡ್ಕೊಂಡಿದೀಯ?" ಎಂದು ಪಕ್ಕಕ್ಕೆ ಬಂದವನು ಬೆವನ್. ಕ್ಲೆಮ್‌ನ ಪಕ್ಕದ ಮನೆಯವನು, ಟ್ರ್ಯಾಕ್ಟರ್ ರಿಪೇರಿಯವನು. ಇಪ್ಪತ್ತು ವರ್ಷದ ನೆರೆಹೊರೆಯಲ್ಲಿ ಒಂದು ಸುತ್ತಿಗೆಯನ್ನೂ ಎರವಲು ಕೊಟ್ಟವನಲ್ಲ.

"ದುರ್ಬೀನು ಎತ್ತರಕ್ಕೆ ಬಂತಲ್ಲ, ಕೆನ್ನೆ ಒರಗಿಸೋಕೆ ಏನೂ ಸಿಗ್ತಿಲ್ಲ."

"ಸಿಗಲ್ಲ. ನಿಮ್ಮಪ್ಪನ ಕಾಲದ ಮರದ ಹಿಡಿ ಅದು, ಬರೀ ಕಣ್ಣಲ್ಲಿ ನೋಡಿ ಹೊಡೆಯೋಕೆ ಮಾಡಿದ್ದು. ಕೆನ್ನೆ ಕೂರದಿದ್ರೆ ಕಣ್ಣು ಕೂರಲ್ಲ, ಕಣ್ಣು ಕೂರದಿದ್ರೆ ಗುಂಡು ಕೂರಲ್ಲ. ತಡಿ, ನನ್ನ ಹತ್ರ ಇನ್ನೊಂದು ಹಿಡಿ ಇದೆ. ಕೆನ್ನೆಗೆ ದಿಂಬು ಇರೋದು. ತಗೋ."

ಕ್ಲೆಮ್ ಕಿವಿ ಉಜ್ಜಿಕೊಂಡ. "ತಗೋ ಅಂದ್ಯಾ?"

"ಕ್ಲಬ್ಬು ಅಂದ್ಮೇಲೆ ಒಂದು ಮನೆ ಇದ್ದ ಹಾಗೆ, ಮಾರಾಯ," ಎಂದು ಬೆವನ್ ಆಗಲೇ ಹಳೆಯ ಹಿಡಿಯನ್ನು ಬಿಚ್ಚತೊಡಗಿದ್ದ.

ಹೊಸ ಹಿಡಿಗೆ ಕೆನ್ನೆ ಕೂತಿತು, ಕಣ್ಣೂ ಕೂತಿತು. ಆಗ ಇನ್ನೊಂದು ವಿಷಯ ಬಯಲಾಯಿತು. ಟ್ರಿಗರ್ ಎಳೆದಾಗಲೆಲ್ಲ ದುರ್ಬೀನಿನೊಳಗಿನ ಗುರಿಯ ಗೆರೆ ಕೋಳಿಯನ್ನು ಬಿಟ್ಟು ಪಕ್ಕದ ಪೊದೆಗೆ ಹಾರುತ್ತಿತ್ತು. ಅದು ಮೊದಲೂ ಹಾರುತ್ತಿತ್ತು. ಈಗ ಕಾಣುತ್ತಿತ್ತು ಅಷ್ಟೆ. ಒಂದು ಸರಿಯಾದರೆ ಇನ್ನೊಂದರ ಹುಳುಕು ಹೊರಬೀಳುವ ಈ ಸೋಜಿಗವನ್ನು ಕ್ಲೆಮ್ ಬಾಯಿಬಿಟ್ಟುಕೊಂಡು ನೋಡುತ್ತಿರುವಾಗ ಡಾಟ್ ಟ್ರೆಲೋರ್ ಬಂದಳು.

ಡಾಟ್‌ಗೆ ಎಪ್ಪತ್ತು ವರ್ಷ. ಹಿಂದೆ ಅಂಚೆ ಕಚೇರಿಯನ್ನು ನಡೆಸಿದವಳು, ಈಗ ಕ್ಲಬ್ಬಿನ ಕಾರ್ಯದರ್ಶಿ. ಒಂಬತ್ತು ವರ್ಷದಿಂದ ಸತತವಾಗಿ ಪಂದ್ಯ ಗೆಲ್ಲುತ್ತಿದ್ದವಳೂ ಅವಳೇ. ಅವಳ ಬಂದೂಕನ್ನು ಯಾರಾದರೂ ಮುಟ್ಟಿದರೆ ಕನ್ನಡಕದ ಮೇಲಿಂದ ನೋಡುವಳು, ಅಷ್ಟು ಸಾಕಾಗುತ್ತಿತ್ತು.

"ಎಲ್ಲಿ, ಎಳಿ ನೋಡೋಣ," ಎಂದಳು. ಖಾಲಿ ಬಂದೂಕಿನ ಟ್ರಿಗರನ್ನು ಕ್ಲೆಮ್ ಎಳೆದ. "ಅಯ್ಯೋ ಕಂದ, ಇದು ಟ್ರಿಗರ್ರಾ, ಬಾವಿಯ ಹಗ್ಗಾನಾ? ಇದನ್ನ ಎಳೆಯೋಕೆ ಇಬ್ಬರು ಬೇಕಲ್ಲೋ."

"ಇದು ಯಾವಾಗ್ಲೂ ಹೀಗೇ ಇತ್ತು ಡಾಟ್."

"ನಿಂದೂ ನಂದೂ ಒಂದೇ ಕಂಪನಿ ಬಂದೂಕು. ನನ್ನ ಟ್ರಿಗರ್ ತೆಗೆದು ನಿನಗೆ ಹಾಕ್ತೀನಿ. ನಿಂದು ನನಗೆ ಕೊಡು."

ಕ್ಲೆಮ್ ನಕ್ಕ. ಡಾಟ್ ನಗಲಿಲ್ಲ. ಕೈಚೀಲದಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ಎರಡೂ ಬಂದೂಕು ಬಿಚ್ಚಿದಳು. ಹತ್ತು ನಿಮಿಷದಲ್ಲಿ ಅವಳ ಟ್ರಿಗರ್ ಇವನಲ್ಲಿತ್ತು, ಇವನದು ಅವಳಲ್ಲಿತ್ತು.

"ನೀವು ಹೇಗೆ ಹೊಡೀತೀರಿ ಮತ್ತೆ?"

"ವಯಸ್ಸಾಯ್ತಲ್ಲ, ಕೈಗೆ ಸ್ವಲ್ಪ ವ್ಯಾಯಾಮ ಬೇಕು ಅಂದಿದಾರೆ ಡಾಕ್ಟ್ರು," ಎಂದು ಡಾಟ್ ಹೊರಟುಹೋದಳು.

ಹೊಸ ಟ್ರಿಗರ್ ಎಷ್ಟು ಹಗುರವೆಂದರೆ, ಎಳೆಯಬೇಕೆಂದು ಯೋಚಿಸುವಷ್ಟರಲ್ಲಿ ಬೆರಳು ಕೆಲಸ ಮುಗಿಸಿರುತ್ತಿತ್ತು. ಕ್ಲೆಮ್‌ಗೆ ಖುಷಿಯೂ ಆಯಿತು, ಒಳಗೊಳಗೇ ಒಂದು ಕುತೂಹಲವೂ ಕೊರೆಯಿತು. ಇವರಿಗೆಲ್ಲ ಇವತ್ತು ಏನಾಗಿದೆ?

ಅದನ್ನು ಕೇಳೋಣವೆಂದರೆ ಆರ್ಚಿ ಬಂದ. ಎಂಬತ್ತಮೂರರ ಆರ್ಚಿ ಕ್ಲಬ್ಬಿನಲ್ಲೇ ಹಿರಿಯ. ತೋಟಾಗಳ ಆರು ಡಬ್ಬಿ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಟೂ-ಟೂ ಬಂದೂಕಿಗೆ ನಾಲಿಗೆ ಇರುತ್ತೆ ಮರಿ. ಒಂದಕ್ಕೆ ರುಚಿಸಿದ್ದು ಇನ್ನೊಂದಕ್ಕೆ ರುಚಿಸಲ್ಲ. ಯಾಕೆ ಅಂತ ಮಾಡಿದವನಿಗೂ ಗೊತ್ತಿಲ್ಲ. ತಿನ್ನಿಸಿ ನೋಡ್ಬೇಕು ಅಷ್ಟೆ."

ಕ್ಲೆಮ್‌ಗೆ ಇದಕ್ಕಿಂತ ಸೊಗಸಾದ ಮಾತನ್ನು ಯಾರೂ ಹೇಳಿರಲಿಲ್ಲ. ಕಾಗದದ ಗುರಿ ನೆಟ್ಟು, ಹಟಮಾರಿ ಮಗುವಿಗೆ ತುತ್ತಿಡುವಂತೆ ಒಂದೊಂದು ಡಬ್ಬಿಯಿಂದ ಐದೈದು ತಿನ್ನಿಸಿದ. ಬೆಳ್ಳಿಬಣ್ಣದ ದುಬಾರಿ ತೋಟಾಗಳನ್ನು ಬಂದೂಕು ಕಾಗದದ ತುಂಬ ಉಗುಳಿತು. ಪಂದ್ಯಕ್ಕೆಂದೇ ಮಾಡಿದ್ದನ್ನೂ ಮೂಸಿ ಬಿಟ್ಟಿತು. ಕೊನೆಗೆ ಆರ್ಚಿ ಮೊಲ ಹೊಡೆಯಲು ಇಟ್ಟುಕೊಂಡಿದ್ದ, ಮುಚ್ಚಳಕ್ಕೆ ತುಕ್ಕು ಹಿಡಿದ ಡಬ್ಬಿಯ ಐದನ್ನೂ ಒಂದೇ ತೂತಿನಲ್ಲಿ ಹಾಕಿತು.

"ಬಡವರ ಮನೆ ಬಂದೂಕು," ಎಂದು ಆರ್ಚಿ ತಲೆದೂಗಿ, ಡಬ್ಬಿಯನ್ನು ಪೂರ್ತಿಯಾಗಿ ಕ್ಲೆಮ್‌ನ ಜೇಬಿಗೆ ಇಳಿಸಿದ.

ಇನ್ನು ತೂಕ. ಅದನ್ನು ನೋಡಲು ಡಾಟ್ ಮತ್ತೆ ಬಂದಳು. ಬಂದೂಕು ನಾಲ್ಕು ಕಿಲೋ ದಾಟಬಾರದೆಂದು ಕ್ಲಬ್ಬಿನ ನಿಯಮ. ಮೀನು ತೂಗುವ ಕೊಕ್ಕೆ-ತಕ್ಕಡಿಗೆ ನೇತುಹಾಕಿದರೆ ನಾಲ್ಕು ಕಿಲೋ ಇನ್ನೂರು ಗ್ರಾಂ ತೋರಿಸಿತು. ಪಂದ್ಯಕ್ಕೆ ಅರ್ಧ ಗಂಟೆ ಉಳಿದಿತ್ತು.

"ಹಾಗಾದ್ರೆ ದುರ್ಬೀನು ತೆಗೆದುಬಿಡ್ತೀನಿ ಬಿಡಿ," ಎಂದ ಕ್ಲೆಮ್.

"ಬೇಡ," ಎಂದು ಮೂರು ಬಾಯಿಗಳು ಒಟ್ಟಿಗೆ ಹೇಳಿದವು.

ಭುಜದ ಪಟ್ಟಿ ಹೋಯಿತು. ಪಟ್ಟಿಯ ಕೊಂಡಿಗಳು ಹೋದವು. ದುರ್ಬೀನಿನ ಮುಚ್ಚಳಗಳು ಹೋದವು. ಇನ್ನೂ ನೂರು ಗ್ರಾಂ ಹೆಚ್ಚಿತ್ತು. ಬೆವನ್ ತನ್ನ ವ್ಯಾನಿನಿಂದ ಡ್ರಿಲ್ ತಂದು, ತಾನೇ ಕೊಟ್ಟ ಹಿಡಿಯ ಹಿಂಬದಿಗೆ ತೂತು ಕೊರೆಯತೊಡಗಿದ. ಮರದ ಪುಡಿ ಉದುರಿತು. ಬೇಲಿಯ ಹಲಗೆಗೆ ಗೀರು ಬಿದ್ದರೂ ಜಗಳಕ್ಕೆ ಬರುವ ಬೆವನ್ ತನ್ನದೇ ಮರವನ್ನು ಹೀಗೆ ಜೇನುಗೂಡು ಮಾಡುವುದನ್ನು ಕ್ಲೆಮ್ ಕಣ್ಣು ಮಿಟುಕಿಸದೆ ನೋಡಿದ.

ಕೊಕ್ಕೆ ಮೂರು ಕಿಲೋ ಒಂಬೈನೂರ ತೊಂಬತ್ತು ಎಂದಿತು. ಆ ಹೊತ್ತಿಗೆ ಅಪ್ಪನ ಬಂದೂಕಿನಲ್ಲಿ ಅಪ್ಪನದೆಂದು ಉಳಿದದ್ದು ನಳಿಗೆ, ಅದರ ಹಿಂದಿನ ಕಬ್ಬಿಣ, ಅದರ ಮೇಲಿನ ನಂಬರು.

"ಒಂದು ಮಾತು ಕೇಳ್ತೀನಿ," ಎಂದ ಕ್ಲೆಮ್. "ನನ್ನ ಮೇಲೆ ನಿಮಗೆಲ್ಲ ಇಷ್ಟು ಪ್ರೀತಿ ಯಾಕೆ?"

"ನಾಲ್ಕು ವರ್ಷ ನಮಗೆ ಅಡುಗೆ ಮಾಡಿ ಹಾಕಿದೀಯಲ್ಲೋ," ಎಂದ ಆರ್ಚಿ. ಉಳಿದಿಬ್ಬರು ಬೂಟಿನ ತುದಿ ನೋಡಿಕೊಂಡರು.

ಈ ಜನರ ಬಗ್ಗೆ ಕಾವಲಿಯ ಮುಂದೆ ತಾನು ಏನೇನೆಲ್ಲ ಬೈದುಕೊಂಡಿದ್ದೆನಲ್ಲ ಎಂದು ಕ್ಲೆಮ್‌ಗೆ ನಾಚಿಕೆಯಾಯಿತು.

ಪಂದ್ಯ ಶುರುವಾಯಿತು. ಪ್ರತಿ ಸಲ ಮೊದಲ ತಂಡದಲ್ಲೇ ಹೊಡೆದು, ಸೋಲು ಖಾತ್ರಿಯಾಗಿ, ಬಹುಮಾನದ ಸಭೆಗೆ ಮುಂಚೆಯೇ ಒಲೆ ಹೊತ್ತಿಸಲು ಹೋಗುವುದು ಕ್ಲೆಮ್‌ನ ವಾಡಿಕೆ. ಈ ಸಲ ಡಾಟ್ ಅವನನ್ನು ತನ್ನ ಜೊತೆ ಕೊನೆಯ ತಂಡಕ್ಕೆ ಹಾಕಿಕೊಂಡಿದ್ದಳು. ಹಾಗಾಗಿ ಬೆವನ್ ಹೊಡೆಯುವಾಗ, ಗುಂಡು ಎಲ್ಲಿ ಬಿತ್ತೆಂದು ಹಿಂದೆ ನಿಂತು ಹೇಳುವ ಕೆಲಸ ಕ್ಲೆಮ್‌ಗೆ ಸಿಕ್ಕಿತು. ಬೆವನ್ ಕೋಳಿ, ಹಂದಿ ಎಲ್ಲವನ್ನೂ ಸಲೀಸಾಗಿ ಉರುಳಿಸಿದ. ಟರ್ಕಿಗಳ ಸರದಿ ಬರುತ್ತಲೇ ಏನೋ ಆಯಿತು.

"ಬೆವನ್, ಎರಡು ಗಜ ಎಡಕ್ಕೆ ಹೋಯ್ತು."

"ಗಾಳಿ."

"ಗಾಳಿನೇ ಇಲ್ವಲ್ಲೋ."

"ಇತ್ತು. ಈಗ ನಿಂತಿತು," ಎಂದು ಬೆವನ್ ಇನ್ನೊಂದನ್ನು ಮೂರು ಗಜ ಬಲಕ್ಕೆ ಬಿಟ್ಟ. ಹತ್ತಕ್ಕೇ ನಿಂತುಹೋದ. ಅವನ ನಂತರ ಬಂದ ಒಳ್ಳೊಳ್ಳೆಯ ಗುರಿಕಾರರಿಗೂ ಅದೇ ಗಾಳಿ ಬಡಿಯಿತು. ಇದೆಂಥ ಗಾಳಿಯೋ, ಚೆನ್ನಾಗಿ ಹೊಡೆಯುವವರನ್ನೇ ಹುಡುಕಿಕೊಂಡು ಬೀಸುತ್ತಿದೆಯಲ್ಲ ಎಂದು ಕ್ಲೆಮ್ ಬೆರಗಾದ.

ಅವನ ಸರದಿ ಬಂತು. ಇಪ್ಪತ್ತು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದ ಕೈ ಗಟ್ಟಿಯಾಗಿತ್ತು. ಕೆಟ್ಟದ್ದು ಬಂದೂಕಾಗಿತ್ತೇ ಹೊರತು ಅವನಲ್ಲ. ಮೊದಲ ಕೋಳಿ ಟಣ್ಣೆಂದು ಉರುಳಿತು. ಎರಡನೆಯದೂ ಉರುಳಿತು. ಐದು ಕೋಳಿ, ಐದು ಹಂದಿ, ನಾಲ್ಕು ಟರ್ಕಿ. ಹೋದ ವರ್ಷ ಇಡೀ ಪಂದ್ಯದಲ್ಲಿ ಅವನು ಬೀಳಿಸಿದ್ದು ಆರು. ಈರುಳ್ಳಿಯ ಗಡಿಯನ್ನು ಎಂದೋ ದಾಟಿಬಿಟ್ಟಿದ್ದ. ಪಕ್ಕದಲ್ಲಿ ಡಾಟ್ ಬಾವಿಯ ಹಗ್ಗವನ್ನು ಹಲ್ಲು ಕಚ್ಚಿ ಎಳೆಯುತ್ತಿದ್ದಳು. ಎಳೆದಾಗಲೆಲ್ಲ ಅವಳ ಟೋಪಿ ಅಲುಗುತ್ತಿತ್ತು. ಅಂಥದ್ದರಲ್ಲೂ ಅವಳು ಹದಿನಾರು ಬೀಳಿಸಿ ಮುಗಿಸಿದಳು.

ಕ್ಲೆಮ್ ಎರಡು ಟಗರು ಉರುಳಿಸಿ ಎರಡು ತಪ್ಪಿದ. ಅಲ್ಲಿಗೆ ಅವನದೂ ಹದಿನಾರು. ಕೊನೆಯ ಟಗರು ಉಳಿದಿತ್ತು. ಹಿಂದೆ ತಿರುಗಿದರೆ ಇಡೀ ಕ್ಲಬ್ಬು ಉಸಿರು ಬಿಗಿಹಿಡಿದು ನಿಂತಿತ್ತು. ಡಾಟ್ ಎರಡು ಕೈಯನ್ನೂ ಎದೆಗೆ ಒತ್ತಿಕೊಂಡಿದ್ದಳು. ತಾನು ಗೆದ್ದರೆ ಸೋಲುವವಳು ಅವಳೇ. ಅವಳೇ ಹೀಗೆ ಹಾರೈಸುತ್ತಿದ್ದಾಳಲ್ಲ ಎಂದು ಕ್ಲೆಮ್‌ನ ಹೃದಯ ತುಂಬಿ ಬಂತು. ಈ ಪ್ರೀತಿಗೆ ಮೋಸ ಮಾಡಬಾರದೆಂದು ನಿಧಾನವಾಗಿ ಉಸಿರು ಬಿಟ್ಟು ಹೊಡೆದ.

ಟಗರು ಹಿಂದಕ್ಕೆ ವಾಲಿತು, ಮುಂದಕ್ಕೆ ವಾಲಿತು, ಒಂದು ಗಳಿಗೆ ಯೋಚಿಸಿ ಬಿತ್ತು.

ವಾಟಲ್ ಬೆಂಡಿನಲ್ಲಿ ಅಂಥ ಚಪ್ಪಾಳೆ ಯಾರಿಗೂ ಸಿಕ್ಕಿರಲಿಲ್ಲ. ಬೆವನ್ ಅವನನ್ನು ಎತ್ತಿಕೊಂಡ. ಡಾಟ್ ಕಣ್ಣೊರೆಸಿಕೊಳ್ಳುತ್ತಾ ಬಂದು ಅವನ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ತನ್ನ ಕುತ್ತಿಗೆಯಿಂದ ಹದಿನೇಳು ಬೀಗದ ಕೈಗಳ ಗೊಂಚಲನ್ನು ತೆಗೆದು ಅವನ ಕುತ್ತಿಗೆಗೆ ಹಾಕಿದಳು.

"ಇದೇನು?"

"ಗೆದ್ದವರೇ ಒಂದು ವರ್ಷ ಕಾರ್ಯದರ್ಶಿ ಅಲ್ವಾ ಕಂದ. ಪೊಲೀಸರಿಗೆ ಕಳಿಸೋ ಲೈಸೆನ್ಸ್ ಅರ್ಜಿಗಳು ಬಲಗಡೆ ಪೆಟ್ಟಿಗೆಯಲ್ಲಿವೆ. ಎಡಗಡೆ ಪೆಟ್ಟಿಗೆಯಲ್ಲಿರೋದು ವಾಪಸ್ ಬಂದ ಅರ್ಜಿಗಳು. ಪ್ರತಿ ಪಂದ್ಯ ಮುಗಿದ ಮೇಲೆ ಎಲ್ಲ ಪ್ರಾಣಿಗೂ ಬಣ್ಣ ಬಳೀಬೇಕು. ಹುಲ್ಲು ಕೊಯ್ಯೋದು, ಕಕ್ಕಸು ತೊಳೆಯೋದು, ಹಾವು ಬಂದ್ರೆ ಹಿಡಿಯೋರಿಗೆ ಫೋನ್ ಮಾಡೋದು."

"ಇದು ನನಗೆ ಯಾರೂ ಹೇಳಲೇ ಇಲ್ಲ."

"ಪ್ರತಿ ವರ್ಷ ಬಹುಮಾನದ ಸಭೆಯಲ್ಲಿ ಓದಿ ಹೇಳ್ತೀನಲ್ಲೋ."

"ನಾನು ಆಗ ಶೆಡ್ಡಿನ ಹಿಂದೆ ಇರ್ತಿದ್ದೆ."

"ಗೊತ್ತು," ಎಂದಳು ಡಾಟ್, ಅಕ್ಕರೆಯಿಂದ. "ಗೊತ್ತಿಲ್ಲದವನು ನೀನೊಬ್ಬನೇ ಉಳಿದಿದ್ದು. ಇವರೆಲ್ಲ ಹೆಂಗೋ ತಪ್ಪಿಸಿಕೊಳ್ತಾರೆ. ನನಗೆ ಬೇಕಂತ ಗುರಿ ತಪ್ಪಿಸೋದು ಬರಲ್ಲ, ಏನು ಮಾಡಲಿ? ಒಂಬತ್ತು ವರ್ಷ ಆಯ್ತು. ಇನ್ನು ನನ್ನಿಂದಾಗಲ್ಲ ಅಂದೆ, ಅದಕ್ಕೇ ಇವರೂ ನಿನಗೆ ಕೈ ಜೋಡಿಸಿದ್ರು."

ಕ್ಲೆಮ್ ಸುತ್ತ ನೋಡಿದ. ಆ ವಿಚಿತ್ರ ಗಾಳಿ ಎಲ್ಲಿಂದ ಬೀಸಿತ್ತು ಎಂಬುದು ಅವನಿಗೆ ಈಗ ತಿಳಿಯಿತು. ಆದರೂ ಒಂದು ಸಮಾಧಾನ ಉಳಿದಿತ್ತು.

"ಹೋಗಲಿ, ಈರುಳ್ಳಿಯಿಂದ ಬಿಡುಗಡೆ ಆಯ್ತಲ್ಲ. ಈ ಸಲ ಕೊನೆಯವರು ಯಾರು?"

"ನಾನು," ಎಂದ ಆರ್ಚಿ. ಅವನು ಬೀಳಿಸಿದ್ದು ಮೂರು. ಹಾಗೆ ಹೇಳುತ್ತಲೇ ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಕೊಟ್ಟ. ಈತ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು, ಹೊಗೆಯ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಬರೆದಿದ್ದರು. ಕಾಗದದ ಮೇಲೆ ಹೋದ ಮಂಗಳವಾರದ ತಾರೀಖು ಇತ್ತು.

"ಹಾಗಾದ್ರೆ ಹುರಿಯೋರು ಯಾರು?"

"ಕೊನೆಯವರಿಗೆ ಆಗದಿದ್ರೆ ಬೇರೆ ವ್ಯವಸ್ಥೆ ಮಾಡೋದು ಕಾರ್ಯದರ್ಶಿ ಜವಾಬ್ದಾರಿ," ಎಂದ ಬೆವನ್. "ಯಾರನ್ನ ಬೇಕಾದ್ರೂ ಕೇಳಬಹುದು ನೀನು."

ಕ್ಲೆಮ್ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದ. ಅವನ ದೃಷ್ಟಿ ಬಿದ್ದವರಿಗೆಲ್ಲ ಅದೇ ಕ್ಷಣದಲ್ಲಿ ಬೂಟಿನ ದಾರ ಬಿಚ್ಚಿಕೊಂಡಿತು.

ಐದು ನಿಮಿಷದ ನಂತರ ಶೆಡ್ಡಿನ ಹಿಂದೆ ಕಾವಲಿ ಚುರ್ರೆಂದಿತು. ಕ್ಲೆಮ್ ಈರುಳ್ಳಿ ಮಗುಚುತ್ತಿದ್ದ. ಬಾಗಿದಾಗಲೆಲ್ಲ ಹದಿನೇಳು ಬೀಗದ ಕೈ ಕಾದ ಕಬ್ಬಿಣಕ್ಕೆ ತಗುಲುತ್ತಿದ್ದವು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಕೈಯಲ್ಲಿ ತಟ್ಟೆ ಹಿಡಿದು ಡಾಟ್ ನಿಂತಿದ್ದಳು.

"ಒಂಬತ್ತು ವರ್ಷದಿಂದ ಅರ್ಜಿ ತುಂಬಿಸಿ ಬರೋ ಹೊತ್ತಿಗೆ ಎಲ್ಲ ಆರಿಹೋಗಿರ್ತಿತ್ತು," ಎಂದಳು. "ಈರುಳ್ಳಿ ಸ್ವಲ್ಪ ಜಾಸ್ತಿ ಹಾಕಪ್ಪ."