ಗಿಲ್-ಸು ಹುಡುಕಿದ ಕಪ್ಪು

ಡಾಕ್ಟರು ಹೆಂಡತಿಯ ಕಣ್ಣಿನ ಪೊರೆ ತೆಗೆದದ್ದೇ ಗಿಲ್-ಸುವಿಗೆ ಕುತ್ತಾಯಿತು. ಗಂಡನನ್ನು ಮಗಳ ಹೆಸರು ಸೇರಿಸಿಯೇ ಕರೆಯುವ ಯೊಂಗ್-ನ್ಯೊ, ಮನೆಗೆ ಬಂದ ಸಂಜೆಯೇ ಟಿವಿಯತ್ತ ತಿರುಗಿ, "ಸುಲ್ಗಿ ಅಪ್ಪಾ, ಇದ್ರಲ್ಲಿ ಕಪ್ಪು ಕಪ್ಪಾಗೇ ಇಲ್ವಲ್ಲ, ಬೂದಿ ಥರ ಇದೆ" ಎಂದಳು.

ಗಿಲ್-ಸು ಕೊರಿಯಾದ ಪಾಜು ನಗರದಲ್ಲಿ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. 'ಚಾಲಕನೊಂದಿಗೆ ಮಾತನಾಡಬೇಡಿ' ಎಂಬ ಫಲಕವನ್ನು ಮನೆಗೂ ತಂದು ಹಾಕಿಕೊಂಡವನಂತೆ ಬದುಕಿದ್ದ. ಊಟಕ್ಕೆ ಮೊದಲು ಒಂದು 'ಹೂಂ', ಆದ ಮೇಲೆ ಇನ್ನೊಂದು. ಹೆಂಡತಿಗೆ ಒಂದು ಕರವಸ್ತ್ರವನ್ನೂ ಕೊಡಿಸಿದವನಲ್ಲ. ಆದರೆ ಆ ಬೂದಿಯ ಮಾತು ಅವನಿಗೆ ನಾಟಿತು. ಅವಳ ಹೊಸ ಕಣ್ಣಿಗೆ ಅಪ್ಪಟ ಕಪ್ಪನ್ನೇ ತೋರಿಸಬೇಕೆಂದು ಹಟ ಹಿಡಿದ.

ಮೂರು ವಾರ ಅಂಗಡಿ ಅಂಗಡಿ ಅಲೆದ. ದಿನವೂ ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದ.

"ಒಂದ್ರಲ್ಲಿ ಪರದೆ ಹಿಂದೆ ಸಾವಿರಾರು ಪುಟ್ಟ ದೀಪ ಕಣೇ. ಇನ್ನೊಂದ್ರಲ್ಲಿ ದೀಪಾನೇ ಇಲ್ಲ, ಚುಕ್ಕಿಚುಕ್ಕಿನೂ ತಾನೇ ಉರಿಯುತ್ತೆ. ಕಪ್ಪು ಬೇಕು ಅಂದ್ರೆ ತಾನೇ ಆರುತ್ತೆ."

ಯೊಂಗ್-ನ್ಯೊ ತಲೆ ಬಗ್ಗಿಸಿ ಮೊಳಕೆ ಕಾಳಿನ ಬಾಲ ಮುರಿಯುತ್ತಾ, "ಹೌದಾ? ಆಮೇಲೆ?" ಎನ್ನುತ್ತಿದ್ದಳು.

ಶನಿವಾರ ಕೊಳ್ಳುವುದೆಂದು ತೀರ್ಮಾನವಾಯಿತು. ಸುದ್ದಿ ಹೇಗೋ ಲಿಫ್ಟಿನೊಳಗೆ ಹೊಕ್ಕಿತ್ತು. ಕೆಳಮನೆಯ ಟಾಕ್, ಟಿವಿ ಪರದೆ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವನು, ಕರೆಯದೆಯೇ ಕಾರು ಹತ್ತಿದ. ಅವನೊಬ್ಬನನ್ನೇ ನಂಬಿ ಕಳಿಸಬಾರದೆಂದು ಮೇಲ್ಮನೆಯ ಹ್ಯೊನ್ನಾ ಅಮ್ಮನೂ ಹತ್ತಿದಳು.

"ಅಣ್ಣಾ, ತಾನೇ ಉರಿಯೋದನ್ನೇ ತಗೋ. ಕಪ್ಪು ಅಂದ್ರೆ ಬಾವಿಯೊಳಗೆ ಇಣುಕಿದ ಹಾಗೆ" ಎಂದ ಟಾಕ್.

"ಸುಲ್ಗಿ ಅಮ್ಮ ಬೆಳಗಿಂದ ಸಂಜೆವರೆಗೂ ಒಂದೇ ಚಾನೆಲ್ ಹಾಕಿಡೋಳು. ಮೂಲೇಲಿರೋ ಗುರುತು ಪರದೆಗೇ ಅಚ್ಚೊತ್ತಿಬಿಡುತ್ತೆ. ನನ್ನ ತಮ್ಮನ ಮನೇಲಿ ಈಗ ಏನು ಹಾಕಿದ್ರೂ ಆ ಹಳೇ ಗುರುತು ಇಣುಕುತ್ತೆ. ಜೊತೆಗೆ ಇವ್ರ ಹಜಾರದ ತುಂಬ ಬಿಸಿಲು. ದೀಪದ್ದೇ ಸರಿ" ಎಂದಳು ಹ್ಯೊನ್ನಾ ಅಮ್ಮ.

ಅಂಗಡಿಯ ಸೋಫಾದಲ್ಲಿ ಮೂವರೂ ಕೂತು ಎರಡು ಗಂಟೆ ನೋಡಿದರು. ಮಾತಿನಲ್ಲಿ ಹ್ಯೊನ್ನಾ ಅಮ್ಮನನ್ನು ಗೆದ್ದವರು ಆ ಕಟ್ಟಡದಲ್ಲೇ ಇರಲಿಲ್ಲ. ದೀಪದ ಟಿವಿಯ ಕಪ್ಪೂ ಸೋಫಾದಿಂದ ಸೋಯಾ ಸಾಸಿನ ಜಾಡಿಯೊಳಗಿನಷ್ಟೇ ಕಪ್ಪಾಗಿತ್ತು. ಗಿಲ್-ಸು ಅದನ್ನೇ ಕೊಂಡ.

ಸಂಜೆಯೊಳಗೆ ಎಂಬತ್ತೈದು ಇಂಚಿನ ಟಿವಿ ಗೋಡೆಯ ಮೇಲೆ ಎತ್ತರದಲ್ಲಿ ಕೂತಿತು. ಯೊಂಗ್-ನ್ಯೊ ಗೆಣಸು ಬೇಯಿಸಿ ತಂದಳು. ಎಲ್ಲರೂ ಎಂದಿನಂತೆ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕೂತು, ಸೋಫಾಕ್ಕೆ ಬೆನ್ನು ಕೊಟ್ಟು ತಲೆಯೆತ್ತಿದರು.

ಪರದೆಯ ತುಂಬ ಬೂದಿ.

ಗಿಲ್-ಸು ಎದ್ದು ಸೋಫಾದ ಮೇಲೆ ಕೂತ. ಕಪ್ಪು ಬಂತು. ನೆಲಕ್ಕಿಳಿದ. ಬೂದಿ.

"ದೀಪದ್ದು ಕೆಳಗಿಂದ ನೋಡಿದ್ರೆ ಬೂದಿನೇ. ಅಂಗಡೀಲೂ ನೆಲದ ಮೇಲೆ ಕೂತು ನೋಡಬೇಕಿತ್ತು" ಎಂದ ಟಾಕ್, ಗೆಣಸು ಸುಲಿಯುತ್ತಾ. "ಸೋಫಾದ ಮೇಲೆ ಯಾರು ಕೂರ್ತಾರೆ, ಒರಗೋಕೆ ತಾನೇ ಅದಿರೋದು?" ಹ್ಯೊನ್ನಾ ಅಮ್ಮನಿಗೆ ಒಲೆಯ ಮೇಲಿಟ್ಟ ಸಾರು ನೆನಪಾಯಿತು. ಇಬ್ಬರೂ ಹೊರಟುಹೋದರು.

ಗಿಲ್-ಸು ರಿಮೋಟನ್ನು ಹೆಂಡತಿಯ ಮುಂದಿಟ್ಟ. "ನಿನ್ನ ಕಣ್ಣಿಗೆ ಅಂತ ತಂದೆ ಕಣೇ. ಇದೂ ಕೈಲಾಗಲಿಲ್ಲ ನನಗೆ."

ಯೊಂಗ್-ನ್ಯೊ ಟಿವಿ ಆರಿಸಿದಳು. "ವಾಪಸ್ ಕೊಟ್ಟುಬಿಡಿ. ನಾನು ಯಾವತ್ತು ಟಿವಿ ನೋಡಿದೀನಿ? ಆವತ್ತು ಹೊಸ ಕಣ್ಣಲ್ಲಿ ಒಂದ್ಸಲ ನೋಡಿದ್ದು, ಅಷ್ಟೇ. ಮನೇಲಿ ಒಂದು ದನಿ ಇರ್ಲಿ ಅಂತ ಹಾಕಿಡ್ತಿದ್ದೆ. ಈ ಮೂರು ವಾರದಿಂದ ಊಟದ ಹೊತ್ತಿಗೆ ಹಾಕೇ ಇಲ್ಲ, ಗಮನಿಸಿಲ್ವಾ?"

ಗಿಲ್-ಸು ಗಮನಿಸಿರಲಿಲ್ಲ. ಅಭ್ಯಾಸಬಲದಿಂದ 'ಹೂಂ' ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ.

"ಹಾಗಾದ್ರೆ ಟಿವಿನೇ ಬೇಡ್ವಾ?"

"ಬೇಡ ಅಂದ್ನಾ? ಹುಡುಕಿ, ನಿಧಾನಕ್ಕೆ. ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ?"

"ಹತ್ತೂವರೆಗೆ." ಮೂರು ವಾರ ಸವೆದ ಮಂಡಿಯನ್ನು ಅವನು ನೀವಿಕೊಂಡ. "ಈ ಎರಡೂ ಅಲ್ದೆ ಮೂರನೇದೊಂದು ಥರದ್ದಿದೆ ಅಂತ ಆ ಅಂಗಡಿಯವನು..."

ಯೊಂಗ್-ನ್ಯೊ ಮೊಳಕೆ ಕಾಳಿನ ಬುಟ್ಟಿಯನ್ನು ಇಬ್ಬರ ನಡುವೆ ಎಳೆದಿಟ್ಟುಕೊಂಡಳು. "ಮೊದಲಿಂದ ಹೇಳಿ" ಎಂದಳು.